ಚೈನು ಕಳಚಿದ ಟ್ಯಾಂಕು

ಎಲ್ಲಕ್ಕೂ ಕಾರಣ ಬೆರಳುದ್ದದ ಒಂದು ಕಬ್ಬಿಣದ ಪಿನ್ನು. ಬೆಳಗ್ಗೆ ತಿಂಡಿಯ ಹೊತ್ತಿನಲ್ಲಿ ಮಾವ ಅದರ ಮಾತೆತ್ತದಿದ್ದರೆ ದಂಡನಾಯಕನ ದಿನ ಬೇರೆಯೇ ಆಗುತ್ತಿತ್ತು.

ದಂಡನಾಯಕ ಎನ್ನುವುದು ಕಂಪ್ಯೂಟರ್ ಆಟಗಳನ್ನು ತಯಾರಿಸುವ ಕಚೇರಿಯಲ್ಲಿ ಅವನಿಗೆ ಬಿದ್ದ ಹೆಸರು. ಸ್ಕೂಟರ್ ಓಡಿಸಲೂ ಹೆದರುವ ಈ ಮನುಷ್ಯ ಎರಡು ವರ್ಷ ಕೂತು ಟ್ಯಾಂಕ್ ಯುದ್ಧದ ಆಟವೊಂದನ್ನು ಕಟ್ಟಿದ್ದ. ಅದರಲ್ಲಿ ಎಲ್ಲವೂ ನಿಜದ ಹಾಗೇ. ಟ್ಯಾಂಕಿನೊಳಗಿಂದ ಕಾಣುವುದು ಅಂಚೆ ಡಬ್ಬಿಯ ಬಾಯಿಯಷ್ಟು ಜಗತ್ತು. ಡೀಸೆಲ್ ಮುಗಿದರೆ ಮೇಲಧಿಕಾರಿಗೆ ಅರ್ಜಿ ಹಾಕಬೇಕು. ಪಕ್ಕದ ಮೇಜಿನವನು ಮಾಡಿದ್ದೂ ಟ್ಯಾಂಕ್ ಆಟವೇ. ಅವನ ಟ್ಯಾಂಕು ಹೊಳೆಯನ್ನು ಒಂದೇ ನೆಗೆತಕ್ಕೆ ದಾಟುತ್ತಿದ್ದುದರಿಂದ ಅವನ ಹೆಸರು ಕಪ್ಪೆ. ಆಟ ಅಂದಮೇಲೆ ಆಡುವುದಕ್ಕಾಗಬೇಕು ಎಂದು ಕಪ್ಪೆಯ ವಾದ. ಯುದ್ಧ ಅಂದಮೇಲೆ ಯುದ್ಧದ ಹಾಗಿರಬೇಕು ಎಂದು ಇವನದು.

ಇವತ್ತು ತೀರ್ಮಾನ. ಕಚೇರಿಯವರೆಲ್ಲ ಎರಡನ್ನೂ ಆಡಬೇಕು, ಸಾಕೆನಿಸಿದಾಗ ಆಟ ಮುಚ್ಚಿ ಏಳಬೇಕು. ಯಾವುದು ಹೆಚ್ಚು ಹೊತ್ತು ತೆರೆದಿರುತ್ತದೋ ಅದು ಮಾರುಕಟ್ಟೆಗೆ, ಇನ್ನೊಂದು ಕಸದ ಬುಟ್ಟಿಗೆ ಎಂದಿದ್ದರು ಯಜಮಾನರು.

ಮೂವತ್ತು ವರ್ಷ ಸೈನ್ಯದಲ್ಲಿ ಟ್ಯಾಂಕ್ ಓಡಿಸಿ ನಿವೃತ್ತರಾದ ಮಾವ ತಟ್ಟೆಯಿಂದ ತಲೆಯೆತ್ತಿ, ನಿಮ್ಮ ಟ್ಯಾಂಕಿನ ಚೈನು ಕಳಚುತ್ತದೆಯೇ ಎಂದು ಕೇಳಿದರು. ಇಲ್ಲ ಎಂದ.

"ಪಿನ್ನು ಮುರಿದು ಚೈನು ಕಳಚದೇ ಹೋದ್ರೆ ಅದು ಟ್ಯಾಂಕಲ್ಲ ಅಳಿಯಂದಿರೇ, ಮಗೂನ ತಳ್ಳುಗಾಡಿ."

ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಊಟದ ಡಬ್ಬಿಯನ್ನೂ ಮರೆತು ಕಚೇರಿಗೆ ಓಡಿ, ಹತ್ತು ಗಂಟೆಯೊಳಗೆ ಆಟದಲ್ಲಿ ಪಿನ್ನು ಮುರಿಯುವ ಏರ್ಪಾಡು ಮಾಡಿದ. ಕೆಟ್ಟ ಟ್ಯಾಂಕನ್ನು ಎಳೆಯುವ ಗಾಡಿ ಬರಲು ನಾಲ್ಕು ಗಂಟೆ ಬೇಕು ಎಂದೂ ಸೇರಿಸಿದ. ಮಾವ ಹೇಳಿದ ಲೆಕ್ಕ ಅದು.

ಮೊದಲು ಕೂತವರು ಮುಂಬಾಗಿಲ ಮೇಜಿನ ಅಕ್ಕ. ಕತ್ತಲೆಯಲ್ಲಿ ಕನ್ನಡಕ ಹುಡುಕುವವರಂತೆ ತಡಕಾಡುತ್ತ ಒಂದು ಮರಕ್ಕೆ ಗುದ್ದಿದರು. "ಒಂದು ಕಿಟಕಿ ಇಡೋಕೆ ನಿಂಗೆ ಏನಾಗಿತ್ತಪ್ಪ?" ಎನ್ನುವಷ್ಟರಲ್ಲಿ ಪಿನ್ನೂ ಮುರಿಯಿತು. ‘ಎಳೆಯುವ ಗಾಡಿ ಹೊರಟಿದೆ, ಕಾಯಿರಿ’ ಎಂದಿತು ತೆರೆ. ಅಕ್ಕ ಆಟ ಮುಚ್ಚಿ ಕಪ್ಪೆಯ ಕಡೆ ಹೋದರು. ಉಳಿದವರೂ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಇವನ ಕಡೆಯ ಕುರ್ಚಿಗಳು ಪರೀಕ್ಷೆ ಮುಗಿದ ಶಾಲೆಯಂತಿದ್ದವು.

ಆಗ ಊಟದ ಡಬ್ಬಿ ಹಿಡಿದು ಮಾವ ಬಂದರು. ಬಂದವರೇ ಅಳಿಯನ ಆಟಕ್ಕೆ ಕೂತರು. ಹತ್ತು ನಿಮಿಷಕ್ಕೆ ಪಿನ್ನು ಮುರಿಯಿತು. ವರದಿ ಓದುವ ಡಾಕ್ಟರ ಮುಖ ನೋಡುವಂತೆ ದಂಡನಾಯಕ ಅವರನ್ನೇ ನೋಡಿದ.

ಮಾವ ಬೂಟಿನ ಲಾಡಿ ಸಡಿಲಿಸಿ, ಜೇಬಿನಿಂದ ಇಸ್ಪೀಟಿನ ಕಟ್ಟು ತೆಗೆದರು. "ಇನ್ನು ನಾಲ್ಕು ಗಂಟೆ ನಮ್ದೇ. ಯಾರು ಬರ್ತೀರಿ?"

ಎಲ್ಲರೂ ಬಂದರು. ಟ್ಯಾಂಕು ಕೆಟ್ಟು ನಿಂತವರಿಗಷ್ಟೇ ಎಲೆ ಹಂಚುವುದು, ಅದೇ ಸೈನ್ಯದ ಪದ್ಧತಿ ಎಂದು ಮಾವ ಕಡ್ಡಿ ಮುರಿದಂತೆ ಹೇಳಿದರು. ಸರಿ, ಅಕ್ಕ ಓಡಿಹೋಗಿ ಅದೇ ಮರಕ್ಕೆ ಮೂರು ಸಲ ಗುದ್ದಿ ಪಿನ್ನು ಮುರಿದುಕೊಂಡು ಬಂದರು. ಸ್ವಲ್ಪ ಹೊತ್ತಿಗೆ ಕಪ್ಪೆಯೂ ನಾಚುತ್ತ ದಂಡನಾಯಕನ ಆಟಕ್ಕೆ ಕೂತು ಟ್ಯಾಂಕನ್ನು ಕೆಸರಿಗಿಳಿಸಿದ. ಗದ್ದಲ ಯಾಕೆಂದು ಗದರಿಸಲು ಇಳಿದು ಬಂದ ಯಜಮಾನರ ಟ್ಯಾಂಕೂ ಎರಡು ಗಂಟೆಗೆ ಕೆಟ್ಟಿತು. ಒಬ್ಬರೂ ಒಂದು ಗುಂಡು ಹಾರಿಸಲಿಲ್ಲ, ಒಬ್ಬರೂ ಆಟ ಮುಚ್ಚಲೂ ಇಲ್ಲ. ಮಾವನ ಕತೆಗಳಿಗೆ ನಕ್ಕು ನಕ್ಕು ಅಕ್ಕನಿಗೆ ಬಿಕ್ಕಳಿಕೆ ಹಿಡಿಯಿತು.

ಐದಕ್ಕೆ ಲೆಕ್ಕ ತೆಗೆದರು. ಕಪ್ಪೆಯ ಆಟ ತಲೆಗೆ ಇಪ್ಪತ್ತು ನಿಮಿಷ. ದಂಡನಾಯಕನದು ಮೂರು ಗಂಟೆ ದಾಟಿತ್ತು.

"ಈ ಕಚೇರಿ ಇಷ್ಟು ನಕ್ಕಿದ್ದನ್ನ ನಾನು ನೋಡೇ ಇರ್ಲಿಲ್ಲ ಕಣಯ್ಯ," ಎಂದು ಯಜಮಾನರು ಬೆನ್ನು ತಟ್ಟಿದರು. "ಮಾರುಕಟ್ಟೆಗೆ ಇದೇ ಹೋಗ್ಲಿ."

ದಂಡನಾಯಕನ ಕಣ್ಣು ತುಂಬಿ ಬಂತು.

"ಇಸ್ಪೀಟು," ಎಂದರು ಯಜಮಾನರು. "ಆ ಟ್ಯಾಂಕ್ ತೆಗೆದುಬಿಡು, ಸುಮ್ನೆ ಅಡ್ಡ ಬರುತ್ತೆ. ಎಲ್ಲ ನಿಜದ ಹಾಗೆ ಇದೆಯಾ ಅಂತ ನೋಡೋಕೆ ನಿಮ್ಮ ಮಾವನ್ನೇ ನೇಮಿಸಿದೀನಿ. ಅವರು ಹೇಳಿದ ಹಾಗೆ ಮಾಡು."

ಮಾವ ಆಗಲೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದರು.

"ಬರ್ಕೊಳ್ಳಿ ಅಳಿಯಂದಿರೇ. ಸೈನ್ಯದ ಕಟ್ಟಲ್ಲಿ ಐವತ್ತೆರಡು ಎಲೆ ಯಾವತ್ತೂ ಇರಲ್ಲ. ಒಂದು ಕಳೆದೇ ಇರುತ್ತೆ. ಯಾವುದು ಅಂತ ಆಡೋರಿಗೆ ಗೊತ್ತಾಗಬಾರದು."

ದಂಡನಾಯಕ ಬರೆದುಕೊಂಡ.