ಸ್ಯೂನಿಕ್‌ನ ಅಂಜೂರ, ನನ್ನ ಮರದ ಸ್ಕೇಲು

ವ್ಯವಹಾರ ಇದ್ದದ್ದು ಮುನ್ನೂರು ಕಿಲೋ ಒಣ ಅಂಜೂರದ್ದು. ಅದರ ಮೇಲೆ ನಿಂತದ್ದು ನಾನೂರು ಡಬ್ಬಿ ಕರದಂಟು. ದೀಪಾವಳಿಗೆ ಕೊಡುತ್ತೇನೆಂದು ಫ್ರಾಂಕ್‌ಫರ್ಟಿನ ಪಕ್ಕದ ಊರು ಎಷ್‌ಬಾರ್ನಿನ ಕನ್ನಡಿಗರಿಗೆಲ್ಲ ಮಾತು ಕೊಟ್ಟಾಗಿತ್ತು. ವ್ಯಾಪಾರದಲ್ಲಿ ಪೆಟ್ಟು ತಿನ್ನುವುದು ನನಗೆ ಹೊಸದಲ್ಲ. ಆದರೆ ದಡ್ಡತನದಿಂದ ಒಂದು ಸಲವೂ ತಿಂದಿಲ್ಲ. ತಿಂದದ್ದೆಲ್ಲ ಜಾಣತನದಿಂದಲೇ.

ಜರ್ಮನಿಯೂ ಅಮೆರಿಕದ ಹಾಗೆ ಗ್ರೀನ್ ಕಾರ್ಡ್ ಕೊಡಲು ಶುರುಮಾಡಿ, ಅದನ್ನು ಹಿಡಿದು ಸಾಫ್ಟ್‌ವೇರ್ ಹುಡುಗರು ಬರತೊಡಗಿದ್ದ ಕಾಲ. ಅವರು ಕಂಪ್ಯೂಟರ್ ನಂಬಿ ಬಂದರು, ನಾನು ಅವರ ಹೊಟ್ಟೆ ನಂಬಿ ಬಂದೆ. ಎಸ್-ಬಾನ್ ಎಂಬ ಲೋಕಲ್ ರೈಲಿನ ಸ್ಟೇಷನ್ನಿನ ಹತ್ತಿರ ನನ್ನ ಕಿರಾಣಿ ಅಂಗಡಿ. ಪಕ್ಕದ ಅಂಗಡಿ ಒಬ್ಬ ಆರ್ಮೇನಿಯಾದವರದು. ಅವರ ಊರು ಆ ದೇಶದ ದಕ್ಷಿಣದ ತುದಿಯಲ್ಲಿರುವ ಸ್ಯೂನಿಕ್ ಎಂಬ ಗುಡ್ಡಗಾಡು ಪ್ರಾಂತ. ನನ್ನ ಅಂಜೂರವನ್ನು ಅವರು ಅಲ್ಲಿಂದಲೇ ತರಿಸಿ ಮಾರಬೇಕಿತ್ತು. ಇಬ್ಬರದೂ ಮುರುಕು ಜರ್ಮನ್. ಸುಳ್ಳು ಹೇಳಲು ಸಾಕಾಗುವಷ್ಟು ಭಾಷೆ ಇಬ್ಬರಿಗೂ ಇರಲಿಲ್ಲ. ‘ಸಾಹುಕಾರ್ರೇ’ ಎನ್ನುವುದೊಂದನ್ನು ಮಾತ್ರ ನಾನೇ ಅವರಿಗೆ ಕಲಿಸಿದ್ದೆ.

ಹಕ್ಕಿಯ ದಾರಿ

ನಾನು ಗದಗಿನ ಕಡೆಯವನು. ಎರೆಹೊಲದ ಬಯಲು ಸೀಮೆ. ಅಲ್ಲಿ ಒಂದೂರಲ್ಲಿ ನಿಂತರೆ ಮುಂದಿನ ಊರು ಕಾಣುತ್ತದೆ. ಕಂಡ ಕಡೆಗೆ ನಡೆದರೆ ಸಿಗುತ್ತದೆ. ಅದೇ ಧೈರ್ಯದಲ್ಲಿ ನನ್ನ ಅಂಗಡಿಯ ಗೋಡೆಯ ನಕ್ಷೆಗೆ ಮರದ ಸ್ಕೇಲು ಹಚ್ಚಿ, ಸ್ಯೂನಿಕ್‌ನಿಂದ ಫ್ರಾಂಕ್‌ಫರ್ಟಿಗೆ ನೆಟ್ಟಗೆ ಒಂದು ಗೆರೆ ಎಳೆದೆ.

“ಇಷ್ಟೇ ದೂರ. ಸಾಗಾಣಿಕೆ ಪೂರಾ ನನ್ನದು. ಅದಕ್ಕೆ ತಕ್ಕಂತೆ ನೀವು ಬೆಲೆ ಇಳಿಸಿ.”

“ಸಾಗಾಣಿಕೆ ನಿಮ್ಮದು ಅನ್ನೋದು ಒಪ್ಪಿದೆ. ಬೆಲೆ ಆಮೇಲೆ ಮಾತಾಡೋಣ,” ಅಂದರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಕೈ ಕುಲುಕಿದ ಮೇಲೆ ಹೇಳಿದರು. “ನಮ್ಮ ದೇಶದ ಪಶ್ಚಿಮದ ಗಡಿ ಬಂದ್, ಪೂರ್ವದ್ದೂ ಬಂದ್. ಲಾರಿ ಘಾಟಿ ಮೇಲೆ ಘಾಟಿ ಹತ್ತಿಳಿದು, ಉತ್ತರಕ್ಕೆ ದೇಶದ ಉದ್ದಕ್ಕೂ ಹೋಗಿ, ಜಾರ್ಜಿಯಾ ದಾಟಿ, ಆಮೇಲೆ ಹಡಗು ಹತ್ತಬೇಕು.”

“ಹಾಗಾದರೆ ಈ ಗೆರೆ ತಪ್ಪಾ?”

“ಸರಿಯಾಗೇ ಇದೆ ಸಾಹುಕಾರ್ರೇ. ಹಕ್ಕಿಗೆ.”

ಆಲಿಕಲ್ಲು

ಬೆಲೆ ಇನ್ನೂ ಕುದುರಿರಲಿಲ್ಲ. ಒಂದು ದಿನ ಅವರು ಊರಿನ ಅಣ್ಣನ ಜೊತೆ ಫೋನಿನಲ್ಲಿ ಮಾತಾಡಿ, “ಛೆ, ಊರ ಕಡೆ ಆಲಿಕಲ್ಲು ಬಿದ್ದಿದೆಯಂತೆ,” ಎಂದು ಪೇಚಾಡಿದರು. ವ್ಯಾಪಾರಿಯ ಕಿವಿ, ಬಿಟ್ಟೀತೆ?

“ಅಯ್ಯೋ ಪಾಪ,” ಅಂದೆ. “ಆಲಿಕಲ್ಲು ಬಿದ್ದ ಮಾಲು. ಕಾಲು ಭಾಗ ಇಳಿಸಿಬಿಡಿ.”

“ಬಿದ್ದದ್ದು ಮೇಲೆ ಸಿಸಿಯಾನ್ ಕಡೆ. ಅಲ್ಲಿ ಇರೋದು ಕುರಿ, ಆಲೂಗಡ್ಡೆ. ಅಲ್ಲಿಂದ ದಕ್ಷಿಣಕ್ಕೆ ಬಂದರೆ ತಾಮ್ರದ ಗಣಿ. ಕೊನೇ ಘಾಟಿ ಇಳಿದರೆ ಮೇಘ್ರಿ. ನಿಮ್ಮ ಅಂಜೂರ ಅಲ್ಲಿ ಮಾಳಿಗೆ ಮೇಲೆ ಒಣಗ್ತಾ ಇದೆ. ಜನ ನೆರಳು ಹುಡುಕ್ತಿದ್ದಾರಂತೆ.”

“ಇದೆಲ್ಲ ಒಂದೇ ಪ್ರಾಂತದೊಳಗಾ?”

“ಒಂದೇ ಪ್ರಾಂತ. ಆಲೂಗಡ್ಡೆ ಬೇಕಿದ್ದರೆ ಕಾಲು ಭಾಗ ಇಳಿಸ್ತೀನಿ.”

ಆಡಿದ ಮಾತಿನ ಮರ್ಯಾದೆಗೆ ಒಂದು ಚೀಲ ಹೇಳಿದೆ. ಮೂರು ಹೊತ್ತೂ ಆಲೂಗಡ್ಡೆಯನ್ನೇ ತಿನ್ನುವ ಜರ್ಮನಿಗೆ ಹೊರದೇಶದಿಂದ ಕಾಸು ಕೊಟ್ಟು ಆಲೂಗಡ್ಡೆ ತರಿಸಿದ ಮಹಾನುಭಾವ ನಾನೊಬ್ಬನೇ ಇರಬೇಕು.

ಟವೆಲ್ಲಿನ ಕೆಳಗೆ

ಬಾಯಿಯಿಂದ ಕೆಲಸ ಆಗದಿದ್ದಾಗ ನಮ್ಮ ಸಂತೆಗಳಲ್ಲಿ ಕೈಯಿಂದ ಮಾಡುತ್ತೇವೆ. ಟವೆಲ್ಲಿನ ಕೆಳಗೆ ಕೈ ಕೈ ಸೇರಿಸಿ, ಬೆರಳು ಹಿಡಿದು ದರ ಹೇಳುವುದು. ಪಕ್ಕದವನಿಗೂ ತಿಳಿಯುವುದಿಲ್ಲ.

ಅವರ ಅಂಗಡಿಗೆ ಹೋಗಿ ಕೂತು, ಕೈಯ ಮೇಲೆ ಟವೆಲ್ ಹಾಸಿ, ಮೂರು ಬೆರಳು ಹಿಡಿದು ಒತ್ತಿದೆ. ಅವರ ಕಣ್ಣು ತುಂಬಿ ಬಂತು. ಇನ್ನೊಂದು ಕೈಯನ್ನೂ ಒಳಗೆ ತೂರಿಸಿ ನನ್ನ ಕೈ ಬಿಗಿಯಾಗಿ ಹಿಡಿದರು. ಅದು ಏಳೋ ಎಂಟೋ ಎಂದು ನಾನು ಎಣಿಸುವಷ್ಟರಲ್ಲಿ ಎದ್ದು ನಿಂತು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. “ಈ ದೇಶಕ್ಕೆ ಬಂದು ಇಷ್ಟು ವರ್ಷ ಆಯ್ತು,” ಅಂದರು, “ಯಾರೂ ಹೀಗೆ ಕೈ ಹಿಡಿದಿರಲಿಲ್ಲ.”

ಮೂರು ಬೆರಳಿಗೆ ಎರಡು ಮುತ್ತು. ಈ ದರವನ್ನು ನಮ್ಮ ಕಡೆಯ ಯಾವ ದಲಾಲಿಯೂ ಕಂಡಿರಲಿಕ್ಕಿಲ್ಲ.

ಹೊಸ್ತಿಲು

ಉಳಿದದ್ದು ಕೊನೆಯ ಅಸ್ತ್ರ. “ಬೇಡ ಬಿಡಿ,” ಎಂದು ಎದ್ದು ಹೊರಟೆ. ನಮ್ಮೂರಲ್ಲಿ ಹೊಸ್ತಿಲು ದಾಟುವುದರೊಳಗೆ ಕರೆಯುತ್ತಾರೆ. ನಿಧಾನಕ್ಕೆ ನಡೆದೆ. ಬಾಗಿಲಲ್ಲಿ ಬಗ್ಗಿ, ಕಟ್ಟಿದ್ದ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಕರೆಯಲಿಲ್ಲ. ಪಕ್ಕದ್ದೇ ನನ್ನ ಅಂಗಡಿ. ಇನ್ನೆಷ್ಟು ಹೊತ್ತು ನಡೆಯಲಿ?

“ಕರದ್ರೇನ್ರೀ?” ಅಂದಳು ಹೆಂಡತಿ.

“ಕರೀತಾರ, ತಡಿ.”

“ದೀಪಾವಳಿ ತಡೀತದೇನು?”

ಹತ್ತು ದಿನ ಕಾದೆ. ಹನ್ನೊಂದನೆಯ ದಿನ ನಾನೇ ಹೋಗಿ, “ಯಾಕೆ ಕರೆಯಲಿಲ್ಲ?” ಎಂದು ಕೇಳಿದೆ.

“ನೀವು ಬೇಡ ಅಂದಿರಲ್ಲ. ದೊಡ್ಡವರ ಮಾತು. ನಾನು ಮೀರೋದು ಹೇಗೆ?”

ಅವರ ದರಕ್ಕೇ ಒಪ್ಪಿದೆ. ಮಾಲು ಹೊರಟ ಎರಡನೇ ದಿನಕ್ಕೆ ಘಾಟಿಯಲ್ಲಿ ಹಿಮ ಬಿತ್ತು. ತಾಮ್ರದ ಅದಿರು ಹೊತ್ತ ಲಾರಿಗಳ ಸಾಲಿನ ನಡುವೆ ನನ್ನ ಅಂಜೂರವೂ ಸಿಕ್ಕಿಕೊಂಡಿತು. ದೀಪಾವಳಿ ಬಂತು, ಹೋಯಿತು.

“ಅಣ್ಣಾ, ಕರದಂಟು ಎಲ್ಲಿ?” ಅಂತ ಮೈಸೂರಿನ ಹುಡುಗ ಕೇಳಿದ.

“ಹಿಮದಲ್ಲಿ ಇದೆ.”

“ಫ್ರಿಜ್ಜಲ್ಲಿ ಯಾಕೆ ಇಟ್ರಿ ಅಣ್ಣಾ, ಗಟ್ಟಿ ಆಗಲ್ವಾ?”

ಮರಳಿ ಘಾಟಿಗೆ

ಅಂಜೂರ ಕೈಸೇರಿದ್ದು ಡಿಸೆಂಬರಿನಲ್ಲಿ. ಹೆಂಡತಿ ನನ್ನ ಜೊತೆ ಮಾತು ಬಿಟ್ಟು, ಒಂದು ವಾರ ಬೆಲ್ಲದ ಪಾಕ ತಿರುವಿದಳು. ಪುಣ್ಯಕ್ಕೆ, ಕ್ರಿಸ್‌ಮಸ್‌ಗೆ ಜರ್ಮನ್ ಬಾಸ್‌ಗೆ ಏನು ಕೊಡುವುದೆಂದು ಹುಡುಗರೆಲ್ಲ ತಲೆ ಕೆಡಿಸಿಕೊಂಡಿದ್ದರು. ಮುನ್ನೂರ ಅರವತ್ತು ಡಬ್ಬಿ ಹೋದವು. ಒಬ್ಬ ಬಾಸ್ ಮಾತ್ರ, “ತುಂಬಾ ಚೆನ್ನಾಗಿದೆ, ಇದನ್ನು ಕತ್ತರಿಸುವ ಯಂತ್ರ ಎಲ್ಲಿ ಸಿಗುತ್ತದೆ?” ಎಂದು ವಿಚಾರಿಸಿದರಂತೆ.

ಉಳಿದ ನಲವತ್ತನ್ನು ಏನು ಮಾಡುವುದೆಂದು ಅಂಗಡಿಯಲ್ಲಿ ಕೂತಿದ್ದಾಗ ಆ ಪಕ್ಕದ ಅಂಗಡಿಯವರು ಬಂದರು. ಒಂದು ತುಂಡು ತಿಂದರು. ಇನ್ನೊಂದಕ್ಕೆ ಕೈ ಹಾಕಿದರು.

“ಇದೊಂದು ಜೇಬಲ್ಲಿದ್ದರೆ ನಮ್ಮ ಕುರಿ ಕಾಯೋರು ಎರಡು ಘಾಟಿ ದಾಟ್ತಾರೆ. ನಲವತ್ತನ್ನೂ ಮೇಘ್ರಿಗೆ ನನ್ನ ಅಣ್ಣನಿಗೆ ಮುಟ್ಟಿಸಿ. ಬೆಲೆ ನೀವು ಹೇಳಿದ್ದೇ.”

ಚೌಕಾಸಿಯಿಲ್ಲ, ಟವೆಲ್ಲಿಲ್ಲ. ಕೊನೆಗೂ ಗೆದ್ದೆ ಅನ್ನಿಸಿತು. ಮೆಲ್ಲಗೆ, “ಸಾಗಾಣಿಕೆ ಬೇರೆ,” ಅಂದೆ.

“ಧಾರಾಳವಾಗಿ ಕೊಡ್ತೀನಿ,” ಎಂದವರೇ ಎದ್ದು ಹೋಗಿ, ಮೊಳೆಗೆ ನೇತುಹಾಕಿದ್ದ ನನ್ನ ಸ್ಕೇಲು ತೆಗೆದು, ನಕ್ಷೆಯ ಮೇಲೆ ನಾನೇ ಎಳೆದಿದ್ದ ಗೆರೆಗೆ ಹಚ್ಚಿದರು.

“ಇಷ್ಟೇ ದೂರ ಅಲ್ವಾ ಸಾಹುಕಾರ್ರೇ?”

ಗಲ್ಲಾದ ಹಿಂದೆ ಕೂತಿದ್ದ ಹೆಂಡತಿ ಅಂಜೂರ ಬಂದಂದಿನಿಂದ ಮೊದಲ ಸಲ ಬಾಯಿ ಬಿಟ್ಟಳು, ನಗುವುದಕ್ಕೆ.

ಹಕ್ಕಿಯ ದಾರಿಯ ಬಾಡಿಗೆ ಅವರು ಕೊಟ್ಟರು, ಲಾರಿಯ ದಾರಿಯದು ನನ್ನ ತಲೆಗೆ ಬಂತು. ನಾನೂರು ಡಬ್ಬಿಯ ಲಾಭ ಸ್ಯೂನಿಕ್‌ನ ಘಾಟಿಗಳನ್ನು ಹತ್ತಿ ಇಳಿದು ಅಲ್ಲೇ ಮುಗಿಯಿತು. ನನ್ನ ಪಾಲಿಗೆ ಉಳಿದದ್ದು ಒಂದು ಚೀಲ ಆಲೂಗಡ್ಡೆ ಮತ್ತು ಎರಡು ಮುತ್ತು. ಸ್ಕೇಲನ್ನು ಅವರೇ ತೆಗೆದುಕೊಂಡು ಹೋದರು.