ಅಂಗಳಕ್ಕಿಳಿದ ಗೆಲಾಕ್ಸಿ

ತಪ್ಪೆಲ್ಲ ಲಕ್ಷ್ಮೀಕಾಂತ ಮೇಷ್ಟ್ರದ್ದೇ. ಚಿತ್ರದುರ್ಗದ ಆ ಬೀದಿಯ ಸಂಕ್ರಾಂತಿ ರಂಗೋಲಿ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಅವರ ಹೆಂಡತಿ ಅನುಸೂಯಮ್ಮನಿಗೇ ಎಂಬುದು ಕೆಲವು ವರ್ಷಗಳಿಂದ ನಡೆದುಬಂದ ಪದ್ಧತಿ. ಆಕೆಯ ನವಿಲಿಗೆ ಎದುರಿರಲಿಲ್ಲ. ಮೇಷ್ಟ್ರು ಸುಮ್ಮನಿರಬೇಕಿತ್ತು. ಆದರೆ ೧೯೯೬ರ ಹಬ್ಬದ ಬೆಳಗ್ಗೆ ಆ ವಿಜ್ಞಾನದ ಮೇಷ್ಟ್ರು ಪತ್ರಿಕೆಯಿಂದ ಕತ್ತರಿಸಿದ ಬಣ್ಣದ ಚಿತ್ರ ಹಿಡಿದು ಅಂಗಳಕ್ಕೆ ಬಂದರು.

"ನವಿಲು ಎಲ್ಲಾರೂ ಹಾಕ್ತಾರೆ ಕಣೆ. ಇದು ಗೆಲಾಕ್ಸಿ! ಕೋಟಿಗಟ್ಲೆ ಸೂರ್ಯರು ಒಟ್ಟಿಗೆ ಸುತ್ತೋ ಜಾಗ. ಆಕಾಶದಾಗೆ ಬಿಟ್ಟಿರೋ ಟೆಲಿಸ್ಕೋಪು ತೆಗೆದ ಫೋಟೋ. ಇಡೀ ಜಿಲ್ಲೇಲಿ ಇಂಥ ರಂಗೋಲಿ ಯಾರೂ ಹಾಕಿಲ್ಲ!"

ಅನುಸೂಯಮ್ಮ ಚಿತ್ರ ನೋಡಿದರು, ಗಂಡನ ಮುಖ ನೋಡಿದರು. ಮದುವೆಯ ದಿನವೂ ಆ ಮುಖ ಇಷ್ಟು ಅರಳಿರಲಿಲ್ಲ.

"ಹಾಕಾಣ. ಆದ್ರೆ ಬಹುಮಾನ ತಪ್ಪಿತೋ, ಆ ಟೆಲಿಸ್ಕೋಪಿನ ಸುದ್ದಿ ಮತ್ತೆ ಈ ಮನೇಲಿ ಎತ್ತಂಗಿಲ್ಲ."

ಮೇಷ್ಟ್ರು ಒಪ್ಪಿದರು. ಆಕಾಶ ಕಪ್ಪಗಿರಬೇಕಲ್ಲ, ಸಾರಿಸಿದ ಅಂಗಳದ ತುಂಬ ಇದ್ದಿಲ ಪುಡಿ ಹರಡಿದರು. ಎದುರು ಮನೆಯ ಗಿರಿಯಮ್ಮ ಎದೆ ಹಿಡಿದುಕೊಂಡು ಬಂದರು.

"ಅಯ್ಯಯ್ಯೋ, ಹಬ್ಬದ ದಿನ ಬಾಗ್ಲಾಗೆ ಮಸಿ ಬಳೀತಾರೇನ್ರಿ ಮೇಷ್ಟ್ರೇ?"

ನಡುವೆ ಅರಿಶಿನ, ಸುತ್ತ ಕುಂಕುಮದ ಸುರುಳಿ, ಅದರ ಮೇಲೆ ನಕ್ಷತ್ರಗಳ ಬಿಳಿ ಚುಕ್ಕಿ ಬಿದ್ದಮೇಲೆ ಗಿರಿಯಮ್ಮನಿಗೆ ಅನುಮಾನವೇ ಉಳಿಯಲಿಲ್ಲ. ಇದು ಮಾಟವೇ! ಸುದ್ದಿ ಬೀದಿಯ ತುದಿ ಮುಟ್ಟಿತು. ಹಾಲಿನವನು ಒಳಗೆ ಕಾಲಿಡಲಾರೆನೆಂದು ರಸ್ತೆಯಲ್ಲೇ ನಿಂತ. ಗಿರಿಯಮ್ಮ ನಿವಾಳಿಸಿ ಎಸೆದ ನಿಂಬೆಹಣ್ಣು ಗೆಲಾಕ್ಸಿಯ ಒಂದು ಸುರುಳಿಯನ್ನು ಅಳಿಸಿಕೊಂಡು ಹೋಯಿತು. ಅನುಸೂಯಮ್ಮ ಗಂಡನನ್ನು ದುರುಗುಟ್ಟಿ ನೋಡಿ, ಮತ್ತೆ ಎಳೆದರು.

ಪಕ್ಕದ ಮನೆಯ ಮುದ್ದಣ್ಣನಿಗಾದರೂ ಅರ್ಥವಾದೀತೆಂದು ಮೇಷ್ಟ್ರು ಕೈಹಿಡಿದು ಕರೆತಂದರು. "ಈ ಬೆಳಕು ಅಲ್ಲಿಂದ ಹೊರಟಾಗ ಭೂಮಿ ಮೇಲೆ ಮನುಷ್ಯನೇ ಇರ್ಲಿಲ್ಲ ಮುದ್ದಣ್ಣ!"

"ಹೌದಾ? ಹಂಗಾರೆ ಈಗ ಅದು ಹೆಂಗೈತೆ?"

"ಈಗಿಂದು ಯಾರಿಗೂ ಗೊತ್ತಿಲ್ಲ."

"ಹಳೇ ಫೋಟೋ ತೋರ್ಸಿ ಹೆಣ್ಣು ಒಪ್ಸಿದಂಗಾತು ಬಿಡ್ರಿ," ಎಂದು ಮುದ್ದಣ್ಣ ಹೊರಟೇಬಿಟ್ಟ.

ಅಷ್ಟರಲ್ಲಿ ತೀರ್ಪುಗಾರ ಶಿವಕುಮಾರಪ್ಪನವರು ಬಂದರು. ನಿವೃತ್ತ ಇತಿಹಾಸದ ಮೇಷ್ಟ್ರು. ಜಗತ್ತು ಶುರುವಾಗಿದ್ದೇ ದುರ್ಗದ ಕೋಟೆಯಿಂದ ಎಂದು ನಂಬಿದವರು. ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು.

"ಆಹಾ!" ಎಂದರು ಕೊನೆಗೆ. ಕಣ್ಣಲ್ಲಿ ನೀರಾಡಿತ್ತು. "ನಮ್ಮ ಏಳುಸುತ್ತಿನ ಕೋಟೆ! ಸುತ್ತ ಕರಿಬಂಡೆ, ಗೋಡೆ ಮೇಲೆಲ್ಲ ದೀಪ! ಏನು ಕೈಚಳಕ ತಾಯಿ! ಮೊದಲ ಬಹುಮಾನ ನಿಮ್ದೇ!"

ಅನುಸೂಯಮ್ಮ ತಕ್ಷಣ ಕೈಮುಗಿದರು. ಅಲ್ಲಿಗೆ ಬಿಡಬಹುದಿತ್ತು. ಆದರೆ ಕೋಟಿಗಟ್ಟಲೆ ಸೂರ್ಯರನ್ನು ಕಲ್ಲುಗೋಡೆ ಎಂದರೆ ವಿಜ್ಞಾನದ ಮೇಷ್ಟ್ರು ಹೇಗೆ ತಡೆದುಕೊಂಡಾರು? ಹೆಂಡತಿ ಚಿವುಟಿದರೂ ಲೆಕ್ಕಿಸಲಿಲ್ಲ.

"ಕ್ಷಮಿಸ್ರಿ ಸಾರ್, ಇದು ಕೋಟೆ ಅಲ್ಲ. ಆಕಾಶದಾಗಿರೋ ಟೆಲಿಸ್ಕೋಪು ತೆಗೆದ ಚಿತ್ರ."

ಶಿವಕುಮಾರಪ್ಪನವರ ಹುಬ್ಬು ಗಂಟಾಯಿತು.

"ಅಂದ್ರೆ, ಮೇಲಿಂದ ತೆಗೆದಿದ್ದು?"

"ಹೌದು ಸಾರ್. ಆರುನೂರು ಕಿಲೋಮೀಟರ್ ಎತ್ತರದಿಂದ."

"ಕೇಳಿದ್ರೇನ್ರಪ್ಪಾ!" ಎಂದು ಅವರು ಜನರತ್ತ ತಿರುಗಿದರು. "ಅಷ್ಟು ಎತ್ತರದಿಂದ ನೋಡಿದ್ರೂ ಅದರ ಕಣ್ಣಿಗೆ ಬಿದ್ದಿದ್ದು ನಮ್ಮ ಕೋಟೆ!"

"ಸಾರ್, ಅದು ಮೇಲಿನ ಕಡೆ ನೋಡೋದು, ಭೂಮಿ ಕಡೆ ಅಲ್ಲ…"

ಚಪ್ಪಾಳೆಯಲ್ಲಿ ಮೇಷ್ಟ್ರ ದನಿ ಮುಳುಗಿಹೋಯಿತು. ಟೆಲಿಸ್ಕೋಪಿಗೆ ಜೈಕಾರ ಬಿತ್ತು. ಬೆಳಗಿನಿಂದ ದೂರ ನಿಂತಿದ್ದ ಬೀದಿಯೆಲ್ಲ ಈಗ ರಂಗೋಲಿಯ ಸುತ್ತ ಕುಕ್ಕರುಗಾಲಲ್ಲಿ ಕೂತಿತ್ತು. ಇಂಥ ಹೆಮ್ಮೆಯ ಮುಖಗಳನ್ನು ನೋಡಬೇಕೆಂದೇ ಮೇಷ್ಟ್ರು ಇಷ್ಟು ವರ್ಷ ಪಾಠ ಮಾಡಿದ್ದು. ನೋಡಿದ್ದೂ ಆಯಿತು, ಯಾವುದಕ್ಕೋ!

ಎಲ್ಲರಿಗಿಂತ ಮುಂದೆ ಗಿರಿಯಮ್ಮನೇ ಇದ್ದರು. "ಮೇಷ್ಟ್ರೇ, ಇದ್ರಾಗೆ ನಮ್ಮನೆ ಎಲ್ಲೈತೆ?"

ಲಕ್ಷ್ಮೀಕಾಂತರು ನಿಟ್ಟುಸಿರಿಟ್ಟು ಬಗ್ಗಿ, ಹೊರಗಿನ ಸುರುಳಿಯ ಅಂಚಿನಲ್ಲಿ ಒಂದು ಬಿಳಿ ಚುಕ್ಕಿ ಇಟ್ಟರು.

"ಇಷ್ಟು ಚಿಕ್ಕದಾ? ಹೋದ ವರ್ಷ ತಾನೇ ಮಹಡಿ ಕಟ್ಸೀವಿ. ವಸಿ ದೊಡ್ಡದು ಹಾಕ್ರಿ!"

"ಪಕ್ಕದಾಗೆ ನಮ್ದೂ ಹಾಕ್ರಿ ಮೇಷ್ಟ್ರೇ," ಎಂದ ಮುದ್ದಣ್ಣ. ಅವನ ಹಿಂದೆ ಆಗಲೇ ಸಾಲು ನಿಂತಿತ್ತು.