ತಾತನ ಎಡೆಗೊಂದು ಹಗುರ ಕೋವಿ

ನನಗೆ ಸಿಟ್ಟು ಬಂದಿದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಬೇ ಏರಿಯಾದ ಕನ್ನಡಿಗರೆದುರು ಏನನ್ನಾದರೂ ಕೊಳ್ಳುತ್ತೇನೆಂದು ಬಾಯಿಬಿಡಬಾರದು. ಹಾಸಿಗೆಯಿರಲಿ, ಕಾರಿರಲಿ, ನೀವು ಆರಿಸಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿರುತ್ತದೆ. ನಾನು ಬಾಯಿಬಿಟ್ಟದ್ದು ಕೋವಿಯ ವಿಷಯ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ಹಾಸನದ ಕಡೆಯ ನಮ್ಮ ಮನೆತನದ ಪದ್ಧತಿ. ಅವರವರಿಗೆ ಇಷ್ಟವಾದದ್ದನ್ನೇ ಬಡಿಸಬೇಕು. ತಾತನಿಗೆ ಇಷ್ಟ ಕಾಡುಹಂದಿ ಸಾರು, ಅದೂ ಮನೆಯವರೇ ಹೊಡೆದು ತಂದದ್ದು. ಮಿಲ್ಪಿಟಾಸಿನ ಟೌನ್‌ಹೌಸಿನಲ್ಲಿ ಇಷ್ಟು ವರ್ಷ ಪ್ಲಾಸ್ಟಿಕ್ ಸುತ್ತಿದ ಅಂಗಡಿ ಮಾಂಸದ ಸಾರನ್ನೇ ಅವರ ಫೋಟೋ ಮುಂದಿಟ್ಟು, ತಲೆತಗ್ಗಿಸಿ ಕೈಮುಗಿದಿದ್ದೇನೆ. ಈ ವರ್ಷ ಹಾಗಾಗಕೂಡದೆಂದು ಪರೀಕ್ಷೆ ಬರೆದು ಬೇಟೆಯ ಲೈಸೆನ್ಸು ಪಡೆದೆ. ಸಹೋದ್ಯೋಗಿಯ ಮಾವ ತಮ್ಮ ರ್‍ಯಾಂಚಿನಲ್ಲಿ ಹಂದಿಕಾಟ, ಬಂದು ಹೊಡಿ ಎಂದರು. ತಮ್ಮದೇ ಕೋವಿ ಕೊಡುತ್ತೇನೆಂದೂ ಹೇಳಿದರು. ತಾತನ ಎಡೆಗೆ ಎರವಲು ಕೋವಿಯೇ? ಬೇಡವೆಂದೆ.

ನನಗೆ ಬೇಕಾಗಿದ್ದದ್ದು ಗುಡ್ಡ ಹತ್ತುವಾಗ ಹೆಗಲು ಕೀಳದಂಥ ಹಗುರವಾದ ಸೆಮಿ ಆಟೊಮ್ಯಾಟಿಕ್ ರೈಫಲ್ಲು. ನನ್ನ ಮೊದಲ ಗುಂಡು ತಪ್ಪುವುದು ಖಚಿತ, ಎರಡನೆಯದು ತಾನಾಗಿಯೇ ಬಂದು ಕೂತಿರಲಿ ಎಂಬ ಆಸೆ. ಇದನ್ನು ಭಾನುವಾರದ ಊಟದಲ್ಲಿ ಹೇಳಿದ್ದೇ ತಡ, ವಾಲ್ನಟ್ ಕ್ರೀಕಿನ ಡಾಕ್ಟರು ಶ್ರೀಧರ ರಾಯರು ಎದ್ದು ಕೂತರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು.

"ಹಗುರದ್ದು ಬೇಡಿ ಗೌಡ್ರೇ, ಜಾಸ್ತಿ ಒದೆಯತ್ತೆ. ತೋಟಾ ಮಾತ್ರ ಮುನ್ನೂರ ಎಂಟರ ಅಳತೆದೇ ಇರ್ಲಿ."

"ನೀವು ಯಾವಾಗ ಹೊಡೆದಿದ್ರಿ ಸಾರ್?"

"ಛೆ ಛೆ, ಪಾಪ ಅಲ್ವಾ! ವಿಡಿಯೋ ನೋಡಿದೀನಿ."

ಹೇವರ್ಡಿನ ಮಂಜು ಮಂಡ್ಯದವನು. ಜೀವಮಾನದಲ್ಲಿ ಸೊಳ್ಳೆ ಬಿಟ್ಟು ಬೇರೇನನ್ನೂ ಹೊಡೆದವನಲ್ಲ. "ಮುನ್ನೂರ ಎಂಟು ಯಾಕಣ್ಣ? ಭುಜ ಕಿತ್ತೋಯ್ತದೆ. ಇನ್ನೂರ ನಲವತ್ಮೂರು ಸಾಕು," ಎಂದ. ಅಲ್ಲಿಂದ ವಾರಗಟ್ಟಲೆ ಇಬ್ಬರೂ ನನ್ನ ಫೋನಿನಲ್ಲೇ ಕಿತ್ತಾಡಿದರು. ಇಲ್ಲಿ ಬೇಟೆಗೆ ಸೀಸದ ಗುಂಡು ನಿಷಿದ್ಧ, ತಾಮ್ರದ್ದೇ ಆಗಬೇಕೆಂದು ತಿಳಿದ ಮೇಲಂತೂ ಜಗಳ ಮತ್ತೆ ಮೊದಲಿನಿಂದ ಶುರುವಾಯಿತು. ಹಾಳಾಗಿ ಹೋಗಲಿ ಎಂದು ನನಗಿಷ್ಟವಾದ ಹಗುರದ್ದನ್ನೇ ಆರಿಸಿ, ಮುನ್ನೂರ ಎಂಟರ ತೋಟಾಕ್ಕೆ ಒಪ್ಪಿ ಅಂಗಡಿಗೆ ಹೋದಾಗ ಅಮಾವಾಸ್ಯೆಗೆ ಒಂದೇ ವಾರ ಉಳಿದಿತ್ತು.

ದುಡ್ಡು ತೆಗೆದುಕೊಂಡ ಅಂಗಡಿಯವನು, ಕೋವಿ ಕೈಗೆ ಸಿಗುವುದು ಹತ್ತು ದಿನದ ನಂತರ, ಅದು ಈ ರಾಜ್ಯದ ಕಾನೂನು ಎಂದ. ಪರೀಕ್ಷೆ ಬರೆದ ನನಗಾಗಲಿ, ವಿಡಿಯೋ ನೋಡಿದ ಡಾಕ್ಟರಿಗಾಗಲಿ, ಆ ಮಂಜುವಿಗಾಗಲಿ ಇದೊಂದು ಗೊತ್ತಿರಲಿಲ್ಲ. ನನ್ನನ್ನೂ ಸೇರಿಸಿ ಮೂವರನ್ನೂ ಸಾಲಾಗಿ ನಿಲ್ಲಿಸಿ ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು.

ಬೇಡವೆಂದಿದ್ದ ಎರವಲು ಕೋವಿಯನ್ನು ಈಗ ಹೋಗಿ ಕೇಳಲು ಮನಸ್ಸೊಪ್ಪಲಿಲ್ಲ. ಮತ್ತೆ ಅಂಗಡಿ ಮಾಂಸವೇ ಬಂತು. ಎಡೆ ಬಡಿಸುತ್ತ ನನ್ನ ಹೆಂಡತಿ ಸವಿತಾ ಫೋಟೋಗೆ, "ತಾತ, ಈ ವರ್ಷಾನೂ ಇದನ್ನೇ ಉಣ್ಕಳಿ. ನಿಮ್ಮ ಮೊಮ್ಮಗ ಇನ್ನೂ ರಿಸರ್ಚು ಮಾಡ್ತಾ ಅವ್ರೆ," ಎಂದಳು. ಮೈಯೆಲ್ಲ ಉರಿಯಿತು. ಹಿರಿಯರು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕೂತೆವು.

ಆಗಲೇ ಪಕ್ಕದ ಬೀದಿಯ ರಮೇಶನ ಫೋನು ಬಂತು. "ಗನ್ನು ತಗೊಂಡ್ರಂತಲ್ಲ ಸಾರ್. ನಾನೂ ಒಂದು ನೋಡ್ತಿದೀನಿ, ಹಗುರದ್ದು."

"ಅಯ್ಯೋ, ಹಗುರದ್ದು ಮಾತ್ರ ಬೇಡಿ," ಎಂದು ಶುರುಮಾಡಿದೆ. "ಜಾಸ್ತಿ ಒದೆಯತ್ತೆ."

ತೋಟಾದ ವಿಷಯ ಇನ್ನೂ ಅರ್ಧ ಹೇಳಿರಲಿಲ್ಲ, ಸವಿತಾ ಬಂದು ನನ್ನ ಭುಜ ತಟ್ಟಿದಳು. "ತಾತ ಉಂಡು ಎದ್ದು ಎಷ್ಟೊತ್ತಾಯ್ತೋ. ಬಾಗ್ಲು ತೆಗೀರಿ."